ಸ್ಟೋರಿನೊಳಗಿನ ಬೆಳ್ಳುಳ್ಳಿ ವಾಸನೆ

ಮುಂಬೈಯಲ್ಲಿ ನನ್ನ ಮನೆಯಿರುವ ಮಲಾಡಿನಿಂದ ಹೋಟೆಲಿರುವ ಸಾಂತಾಕ್ರೂಜ್‌ಗೆ ಸ್ಲೋ ಲೋಕಲ್‌ನಲ್ಲಿ ಅರ್ಧ ಗಂಟೆ ಕೂಡ ಬೇಡ. ಅಷ್ಟರಲ್ಲೇ ಯಾರಾದರೊಬ್ಬರು ವಡಾಪಾವಿನ ಪೊಟ್ಟಣ ಬಿಚ್ಚುತ್ತಾರೆ. ಒಣ ಚಟ್ನಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಕೂತಲ್ಲಿಂದ ಎದ್ದುಬಿಡುತ್ತೇನೆ. ಬಾಗಿಲು ತೆರೆದಿದೆಯೇ ಎಂದು ನೋಡುತ್ತೇನೆ. ನಾನು ಹತ್ತುವ ಲೋಕಲ್‌ಗೆ ಬಾಗಿಲು ಹಾಕುವ ಪದ್ಧತಿಯೇ ಇಲ್ಲ ಎಂಬುದು ನನಗೂ ಗೊತ್ತು, ಆದರೂ ನೋಡುತ್ತೇನೆ. ಒಂದೆರಡು ಸಲ ಜೋಗೇಶ್ವರಿಯಲ್ಲಿ ಇಳಿದು ಹಿಂದಿನ ಗಾಡಿ ಹಿಡಿದದ್ದೂ ಉಂಟು. ಮನೆಯಲ್ಲಿ ಹೇಳಿದರೆ ಹೆಂಡತಿ ಮೊದಲು ನಗುತ್ತಾಳೆ, ಆಮೇಲೆ ನಗು ನಿಲ್ಲಿಸಿ ಒಂದು ಲೋಟ ನೀರು ತಂದು ಕೊಡುತ್ತಾಳೆ.

ಇದೇ ಮೂಗಿನ ಬಗ್ಗೆ ನನಗೆ ಒಂದು ಕಾಲದಲ್ಲಿ ಎಷ್ಟು ಜಂಬ ಇತ್ತು ಎಂದು ಹೇಳಿದರೆ ನೀವೂ ನಗಬಹುದು. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ತಟ್ಟೆ ಎತ್ತಿ, ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಮ್ಯಾನೇಜರ್ ಆದವನು ನಾನು. ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತಲ್ಲಿಂದಲೇ ಸಾಂಬಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಹೇಳುತ್ತಿದ್ದೆ. ದೋಸೆ ಹಿಟ್ಟು ಹುಳಿ ಜಾಸ್ತಿಯಾದರೆ ಅಡುಗೆಯವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅಣ್ಣನ ಮೂಗಿಗೆ ಸುಳ್ಳು ಹೇಳಲಿಕ್ಕಾಗುವುದಿಲ್ಲ ಎಂದು ಸಪ್ಲೈಯರ್‌ಗಳು ಆಡಿಕೊಳ್ಳುತ್ತಿದ್ದರು. ನನಗೆ ಕೇಳಲಿ ಎಂದೇ ಆಡುತ್ತಿದ್ದರೇನೋ, ನನಗಂತೂ ಅದು ಕೇಳಿ ಖುಷಿಯಾಗುತ್ತಿತ್ತು. ಕೋಪವೂ ಅದೇ ಮೂಗಿನ ತುದಿಯಲ್ಲಿ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಹೋಟೆಲಿನೊಳಗೆ ಬೆಳ್ಳುಳ್ಳಿ ಬರುವಂತಿಲ್ಲ. ಧಣಿಗಳ ತಂದೆಯ ಕಾಲದಿಂದ ಬಂದ ಕಟ್ಟಳೆ ಅದು. ಹೊರಗೆ ಬೋರ್ಡಿನ ಮೇಲೂ ಬರೆಸಿದ್ದಾರೆ. ಸುತ್ತಲಿನ ಹೌಸಿಂಗ್ ಸೊಸೈಟಿಗಳ ಗುಜರಾತಿಗಳು, ಜೈನರು ಆ ಬೋರ್ಡನ್ನು ನಂಬಿಕೊಂಡೇ ಬರುತ್ತಾರೆ. ಏರ್‌ಪೋರ್ಟಿನಲ್ಲಿ ಇಳಿದು ನೇರ ನಮ್ಮಲ್ಲಿಗೆ ಬಂದು ಇಡ್ಲಿ ತಿನ್ನುವ ಮುದುಕರಿದ್ದಾರೆ. ಕೆಲಸದವರು ಯಾರೇ ಮನೆಯಿಂದ ಡಬ್ಬಿ ತಂದರೂ ಅದನ್ನು ಒಳಗೆ ತರುವಂತಿಲ್ಲ. ಹಿಂಬದಿಯಲ್ಲಿ ಬಿಲ್ಡಿಂಗಿನ ಮೆಟ್ಟಿಲಿದೆ, ಆ ಮೆಟ್ಟಿಲಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಅಲ್ಲೇ ಕೂತು ತಿಂದು, ಕೈ ತೊಳೆದು ಒಳಗೆ ಬರಬೇಕು. ಈ ಕಟ್ಟಳೆಯನ್ನು ಕಾಯುವುದು ನನ್ನ ಕೆಲಸವಾಗಿತ್ತು, ಮತ್ತು ನಾನು ಅದನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಕಾಯುತ್ತಿದ್ದೆ.

ಡಬ್ಬಿ ತರುತ್ತಿದ್ದವರು ಕೆಲವರೇ. ಅವರಲ್ಲಿ ಒಬ್ಬರು ದಿನಸಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಮಾಮು ಎಂದು ಕರೆಯುತ್ತಿದ್ದವರು. ವಿಜಯಪುರದ ಕಡೆಯ ಮುಸಲ್ಮಾನರು, ನನಗಿಂತ ಹತ್ತು ವರ್ಷ ದೊಡ್ಡವರು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಂದಿಗೆ ಅವರೂರಿನ ಕನ್ನಡ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು, ಮಲಾಡಿನ ಒಂದು ಆಫೀಸಿನಲ್ಲಿ ಕೆಲಸ. ಇಬ್ಬರೂ ವಿಕ್ರೋಳಿಯ ಗುಡ್ಡದ ಚಾಳಿನಲ್ಲಿದ್ದರು. ಅಲ್ಲಿಂದ ಘಾಟ್‌ಕೋಪರ್, ಘಾಟ್‌ಕೋಪರಿನಿಂದ ಮೆಟ್ರೊದಲ್ಲಿ ಅಂಧೇರಿ, ಅಂಧೇರಿಯಿಂದ ಮತ್ತೆ ಲೋಕಲ್. ಇಷ್ಟೆಲ್ಲ ಬದಲಾಯಿಸಿಕೊಂಡು ಬಂದರೂ ಅವರು ಒಂದು ದಿನ ತಡ ಮಾಡಿದ್ದು ನನಗೆ ನೆನಪಿಲ್ಲ. ಯಾವ ಮೂಟೆ ಎಂದು ಬಂತು, ಯಾವುದು ಮೊದಲು ಖಾಲಿಯಾಗಬೇಕು ಎಲ್ಲ ಬಾಯಿಪಾಠ. ನಾನು ಅವರಿಗೆ ನೀವು ಎನ್ನುತ್ತಿದ್ದೆ, ಅವರು ನನಗೆ ಅಣ್ಣಾ ಎನ್ನುತ್ತಿದ್ದರು. ಮುಂಬೈಯಲ್ಲಿ ಹೋಟೆಲ್ ಗಲ್ಲೆಯಲ್ಲಿ ಕೂತ ನಮ್ಮ ಕಡೆಯವರೆಲ್ಲ ಎಲ್ಲರಿಗೂ ಅಣ್ಣನೇ.

ಇದು ನಡೆದ ವರ್ಷ ಮಳೆ ಬಿಡದೆ ಹಿಡಿದಿತ್ತು. ಇಡ್ಲಿಯ ಕುಚ್ಚಲಕ್ಕಿಗೆ ಹುಳ ಬಿತ್ತು. ಮುಷ್ಟಿಯಲ್ಲಿ ಅಕ್ಕಿ ತೆಗೆದರೆ ಬೆರಳ ಸಂದಿಯಲ್ಲಿ ಸಣ್ಣ ಕಪ್ಪು ಹುಳಗಳು ಹರಿದಾಡುತ್ತಿದ್ದವು. ಒಂದು ಶನಿವಾರ ವಾಶಿಯ ಸಗಟು ಮಾರ್ಕೆಟ್ಟಿನಿಂದ ಅಕ್ಕಿ ತಂದ ಟೆಂಪೊದವನು, ನಾನು ಗೊಣಗಿದ್ದನ್ನು ಕೇಳಿ, ಪೇಪರಿನಲ್ಲಿ ಸುತ್ತಿದ ಒಂದಷ್ಟು ಗುಳಿಗೆಗಳನ್ನು ಕೊಟ್ಟ. ಗೋಡೌನಿನಲ್ಲಿ ಧಾನ್ಯಕ್ಕೆ ಇದನ್ನೇ ಇಡುತ್ತಾರೆ, ಮೂಟೆಗಳ ನಡುವೆ ಇಟ್ಟು ಮೇಲೆ ಪ್ಲಾಸ್ಟಿಕ್ ಮುಚ್ಚಿ, ಕೋಣೆಗೆ ಕೆಲವು ದಿನ ಬೀಗ ಹಾಕಿಬಿಡಿ ಎಂದ. ಬೀಗ ಹಾಕಿ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ನಡೆಯುವ ಹೋಟೆಲಿನ ಸ್ಟೋರಿಗೆ ಬೀಗ ಹಾಕುವುದೆಂದರೆ ಹೋಟೆಲಿಗೇ ಬೀಗ ಹಾಕಿದಂತೆ. ದಿನಕ್ಕೆ ಐವತ್ತು ಸಲ ತೆರೆಯುವ ಬಾಗಿಲು ಅದು. ನಾನು ಪೊಟ್ಟಣವನ್ನು ಮಾಮು ಕೈಗೆ ಕೊಟ್ಟು, ಮೂಟೆಗಳ ನಡುವೆ ಇಟ್ಟು ಪ್ಲಾಸ್ಟಿಕ್ ಮುಚ್ಚಿ ಎಂದೆ. ಬೀಗದ ಮಾತು ಹೇಳಲಿಲ್ಲ. ಗಲ್ಲೆಗೆ ಹೋಗಿ ಕೂತ ಮೇಲೆ ಆ ಗುಳಿಗೆಗಳ ವಿಷಯ ನನ್ನ ತಲೆಯಿಂದ ಹೊರಟೇಹೋಯಿತು.

ನಮ್ಮ ಸ್ಟೋರ್ ಅಡುಗೆಮನೆಯ ಹಿಂದಿನ ಒಂದು ಒಳಕೋಣೆ. ಇದ್ದ ಒಂದು ಗವಾಕ್ಷಿಗೂ ಮಳೆನೀರು ಬರುತ್ತದೆಂದು ಹಲಗೆ ಹೊಡೆಸಿದ್ದೆವು. ಗೋಡೆಗಳು ಜುಲೈ ಪೂರ್ತಿ ಬೆವರುತ್ತಿದ್ದವು. ಆ ಗುಳಿಗೆ ತೇವ ತಾಗಿದರೆ ಒಂದೆರಡು ದಿನದಲ್ಲಿ ಗಾಳಿಯಾಗಿ ಹೊರಬರುತ್ತದೆ, ಆ ಗಾಳಿಯೇ ಹುಳವನ್ನು ಕೊಲ್ಲುವುದು ಎಂಬುದು ನನಗೆ ಆಮೇಲೆ ತಿಳಿಯಿತು. ಅದಕ್ಕೆ ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ ಎಂಬುದೂ ಆಮೇಲೆಯೇ ತಿಳಿಯಿತು.

ಸೋಮವಾರ ಬೆಳಗಿನ ತಿಂಡಿಯ ಗಲಾಟೆ ಮುಗಿದಿತ್ತು, ಊಟದ ಗಲಾಟೆ ಇನ್ನೂ ಶುರುವಾಗಿರಲಿಲ್ಲ. ಅಡುಗೆಮನೆಗೆ ಹೋದವನಿಗೆ ವಾಸನೆ ಬಂತು. ಮೂಗರಳಿಸಿ ಹಿಂದೆ ಹಿಂದೆ ಹೋದೆ. ಸ್ಟೋರಿನ ಬಾಗಿಲು ತೆರೆದರೆ ಗಪ್ಪೆಂದು ಹೊಡೆಯಿತು. ಬೆಳ್ಳುಳ್ಳಿಯೇ. ಒಂದು ಎಸಳಲ್ಲ, ಬುಟ್ಟಿ ತುಂಬ ಜಜ್ಜಿ ಇಟ್ಟಂತೆ. ನನ್ನ ಮೂಗು ತಪ್ಪಲು ಸಾಧ್ಯವೇ ಇರಲಿಲ್ಲ. ವಿಜಯಪುರದವರ ಡಬ್ಬಿಯಲ್ಲಿ ಇನ್ನೇನಿರುತ್ತದೆ, ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಚಟ್ನಿ. ಮಳೆ ಎಂದು ಡಬ್ಬಿಯನ್ನು ಒಳಗೆ ತಂದು ಎಲ್ಲೋ ಮೂಟೆಯ ಹಿಂದೆ ಇಟ್ಟಿದ್ದಾರೆ, ಚೆಲ್ಲಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಯೋಚನೆ ಬರುವುದರೊಳಗೆ ಕೋಪ ಬಂದಾಗಿತ್ತು.

ಮಾಮುವನ್ನು ಕರೆದು ಎಲ್ಲರ ಎದುರಿಗೇ ಬೈದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನೀನು ಎಂದೆ. ಬಾಯಿಂದ ಹೊರಟ ಮೇಲೆ ನನಗೇ ಅದು ಚುಚ್ಚಿತು, ಆದರೂ ನಿಲ್ಲಿಸಲಿಲ್ಲ. ಹೊರಗಿನ ಬೋರ್ಡು ತೆಗೆಸಿ ಹಾಕಲೇ, ಗಿರಾಕಿಗಳಿಗೆ ಎಂತ ಹೇಳಲಿ ಎಂದೆಲ್ಲ ಕೂಗಾಡಿದೆ.

"ನಾ ಡಬ್ಬಿ ಒಳಗ ತಂದಿಲ್ರಿ ಅಣ್ಣಾ," ಎಂದರು. "ಮೆಟ್ಟಲ ಮ್ಯಾಲ ಐತಿ, ನೋಡ್ರಿ ಬೇಕಾದ್ರ."

ನಾನು ನೋಡಲು ಹೋಗಲಿಲ್ಲ. ಮೆಟ್ಟಿಲು ಅಲ್ಲಿಂದ ಹತ್ತು ಹೆಜ್ಜೆ.

"ಹಾಗಾದರೆ ವಾಸನೆ ಆಕಾಶದಿಂದ ಬಂತಾ?" ಎಂದೆ. "ಒಳಗೆ ಹೋಗಿ ಒಂದೊಂದು ಮೂಟೆ ಸರಿಸಿ ಹುಡುಕು. ಬಾಗಿಲು ಹಾಕಿಕೊ, ವಾಸನೆ ಗಿರಾಕಿಗಳ ಕಡೆ ಬರುವುದು ಬೇಡ. ಸಿಗುವವರೆಗೆ ಹೊರಗೆ ಕಾಣಿಸಿಕೊಳ್ಳಬೇಡ."

ಅವರು ಒಳಗೆ ಹೋದರು. ಬಾಗಿಲನ್ನು ನಾನೇ ಎಳೆದುಕೊಂಡೆ. ಚಿಲಕ ಹಾಕಲಿಲ್ಲ, ಅದು ನಿಜ. ಪೊಲೀಸರಿಗೂ ಹಾಗೆಯೇ ಹೇಳಿದೆ. ಆದರೆ ನನ್ನ ಮಾತು ಮುರಿದು ಆ ಬಾಗಿಲು ತೆರೆಯುವ ಜನ ಅವರಲ್ಲ ಎಂಬುದು ನನಗೆ ಚಿಲಕಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಊಟದ ಹೊತ್ತಾಯಿತು. ಬ್ಯಾಂಕಿನವರು, ಅಂಗಡಿಯವರು, ಪಾರ್ಸೆಲ್ ಒಯ್ಯುವವರು, ಒಬ್ಬರ ಮೇಲೊಬ್ಬರು ಬಂದರು. ನಾನು ಮಾಮುವನ್ನು ಮರೆತುಬಿಟ್ಟೆ. ಇಷ್ಟು ವರ್ಷ ಆದ ಮೇಲೂ ಈ ಒಂದು ವಾಕ್ಯ ಬರೆಯುವಾಗ ಕೈ ನಿಲ್ಲುತ್ತದೆ. ಬೈದದ್ದಕ್ಕೆ ಕಾರಣ ಹುಡುಕಬಹುದು, ಗುಳಿಗೆಯ ವಿಷಯ ಗೊತ್ತಿರಲಿಲ್ಲ ಎನ್ನಬಹುದು, ಆದರೆ ಒಬ್ಬ ಮನುಷ್ಯನನ್ನು ಒಳಗೆ ಕಳಿಸಿ ಮರೆತದ್ದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಮಾಮು ತಾವಾಗಿಯೇ ಹೊರಗೆ ಬಂದರು. ಗೋಡೆ ಹಿಡಿದುಕೊಂಡು, ಅಡುಗೆಮನೆ ದಾಟಿ, ಗಲ್ಲೆಯ ತನಕ ನಡೆದು ಬಂದರು. ಅಂಗಿ ಬೆವರಿಗೆ ಮೈಗೆ ಅಂಟಿತ್ತು, ತುಟಿ ಬೂದಿಬಣ್ಣಕ್ಕೆ ತಿರುಗಿತ್ತು.

"ಎಲ್ಲಾ ಚೀಲ ಸರಿಸಿ ನೋಡಿದ್ನ್ರಿ ಅಣ್ಣಾ," ಎಂದರು. "ಬಳ್ಳೊಳ್ಳಿ ಎಲ್ಲೂ ಸಿಗಲಿಲ್ರಿ."

ಹೇಳಿ ಅಲ್ಲೇ ಕುಸಿದು ಕೂತು ವಾಂತಿ ಮಾಡಿದರು. ಎದೆಯ ಮೇಲೆ ಕೈ ಇಟ್ಟುಕೊಂಡು, ಇಲ್ಲೊಂದು ಕಲ್ಲು ಇಟ್ಟಂಗ ಆಗೇತಿ ಎಂದರು. ನಾನು ಅವರ ಮಣಿಕಟ್ಟು ಹಿಡಿದೆ. ಕೈ ತಣ್ಣಗಿತ್ತು. ನಾಡಿ ಎರಡು ಸಲ ಓಡಿ, ಒಂದು ಸಲ ತಪ್ಪಿ, ಮತ್ತೆ ಎಲ್ಲೋ ಸಿಗುತ್ತಿತ್ತು. ಅಡುಗೆಯವನು ತನಗೂ ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದ. ಆಗಲೂ ನನಗೆ ಹೊಳೆಯಲಿಲ್ಲ. ಹಾರ್ಟ್ ಅಟ್ಯಾಕ್ ಎಂದುಕೊಂಡೆ. ಬೈದದ್ದಕ್ಕೇ ಆಯಿತೇನೋ ಎಂದು ಹೆದರಿದೆ. ಸಪ್ಲೈಯರ್ ಒಬ್ಬನನ್ನು ಜೊತೆಗೆ ಹತ್ತಿಸಿಕೊಂಡು ಮಾಮುವನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋದೆ. ದಾರಿಯಲ್ಲಿ ಅವರ ಮಗಳಿಗೆ ಫೋನ್ ಮಾಡಿದೆ. ಗಲ್ಲಿಯ ನರ್ಸಿಂಗ್ ಹೋಮಿನವರು ಒಂದು ಇಸಿಜಿ ತೆಗೆದು, ನಮ್ಮ ಕೈಯಲ್ಲಿ ಆಗುವಂಥದ್ದಲ್ಲ, ತಡ ಮಾಡಬೇಡಿ ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಚಿಕ್ಕ ವಯಸ್ಸಿನ ಒಬ್ಬ ಮರಾಠಿ ಡಾಕ್ಟರಮ್ಮ ಇದ್ದರು. ಅವರು ಮಾಮು ಮುಖದ ಹತ್ತಿರ ಬಗ್ಗಿದರು, ಅಲ್ಲೇ ಒಂದು ಕ್ಷಣ ನಿಂತರು. ಬೆಳ್ಳುಳ್ಳಿ ತಿಂದಿದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದರು. ನಮ್ಮ ಹೋಟೆಲಿನಲ್ಲಿ ಬೆಳ್ಳುಳ್ಳಿ ಇಲ್ಲ ಮೇಡಂ ಎಂದೆ. ಅಭ್ಯಾಸದ ಮಾತು, ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಗೆ ಬಂದದ್ದು. ಅವರು ನನ್ನ ಮುಖ ನೋಡಿದರು. ಹಾಗಾದರೆ ಧಾನ್ಯಕ್ಕೆ ಇಡುವ ಗುಳಿಗೆ ಏನಾದರೂ ಇತ್ತೇ ಎಂದರು.

ಪೇಪರಿನ ಪೊಟ್ಟಣ ಕಣ್ಣ ಮುಂದೆ ಬಂತು. ಸ್ಟೋರಿನ ವಾಸನೆ ಬೆಳ್ಳುಳ್ಳಿಯದ್ದಲ್ಲ, ಅದರದ್ದು ಎಂದು ಹೊಳೆಯಿತು.

ಇತ್ತು ಎಂದೆ. ಅದನ್ನು ಇವರೇ ನುಂಗಿದರೇ ಎಂದು ಕೇಳಿದರು. ಹಳ್ಳಿಗಳ ಕಡೆಯಿಂದ ಹೀಗೆ ನುಂಗಿದವರು ಬರುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ, ಮನೆಯಲ್ಲಿ ಜಗಳ ಆಗಿತ್ತೇ, ಕೆಲಸದಲ್ಲಿ ಯಾರಾದರೂ ಬೈದಿದ್ದರೇ ಎಂದು ಒಂದರ ಹಿಂದೆ ಒಂದು ಕೇಳಿದರು. ನಾನು, ಗೊತ್ತಿಲ್ಲ ಮೇಡಂ ಎಂದೆ.

ಮಾಮು ಉತ್ತರ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅವರನ್ನು ಒಳಗೆ ತಳ್ಳಿಕೊಂಡು ಹೋದರು. ಆಸ್ಪತ್ರೆಯ ಪೊಲೀಸ್ ಚೌಕಿಯ ಹವಾಲ್ದಾರ ಒಂದು ಕಾಗದ ಹಿಡಿದು ಬಂದು ನಿಂತ. ಧಣಿಗಳ ಫೋನ್ ಬಂತು. ಅಡುಗೆಯವನು ಅವರಿಗೆ ಏನು ಹೇಳಿದ್ದನೋ, ನೀನು ಹೆಚ್ಚು ಮಾತಾಡಬೇಡ, ನಮಗೇನೂ ಗೊತ್ತಿಲ್ಲ ಅಂದುಬಿಡು, ನಾನು ಬರುತ್ತೇನೆ ಎಂದರು. ಧಣಿಗಳು ಹೇಳುವುದಕ್ಕೆ ಮುಂಚೆಯೇ ನಾನು ಹಾಗೆ ಹೇಳಿಯಾಗಿತ್ತು. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ಕೂರಲು ಜಾಗ ಇತ್ತು, ಕೂರಲಿಕ್ಕಾಗಲಿಲ್ಲ. ನುಂಗಿದ್ದಾರೆ ಎಂದೇ ಅಲ್ಲಿಯವರು ತಿಳಿದುಕೊಂಡರೆ ನನಗೆ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ನೋಡುತ್ತಿದ್ದೆ. ಒಳಗೆ ಒಬ್ಬರ ಜೀವ ಹೋಗುತ್ತಿದೆ, ಹೊರಗೆ ನಾನು ಇದನ್ನು ತೂಗುತ್ತಿದ್ದೆ.

ಆಗ ಗೋಡೆಯ ಮೇಲಿನ ಗಡಿಯಾರ ಕಣ್ಣಿಗೆ ಬಿತ್ತು. ನಾಲ್ಕಕ್ಕೆ ಐದು ನಿಮಿಷ.

ನಾಲ್ಕು ಗಂಟೆಗೆ ನಮ್ಮಲ್ಲಿ ಮರುದಿನದ ಇಡ್ಲಿಗೆ ಅಕ್ಕಿ ನೆನೆಹಾಕುತ್ತಾರೆ. ಅಡುಗೆಯವನು ದೊಡ್ಡ ಪಾತ್ರೆ ಹಿಡಿದು ಸ್ಟೋರಿಗೆ ಹೋಗುತ್ತಾನೆ. ಮಾಮು ಇಲ್ಲದ್ದರಿಂದ ತಾನೇ ಮೂಟೆ ಬಿಚ್ಚಿ, ತಾನೇ ಅಳೆದುಕೊಳ್ಳಬೇಕು. ವಾಸನೆ ಬರುವುದು ಬೇಡ ಎಂದು ಬಾಗಿಲು ಹಾಕಿಕೊಂಡೇ ಅಳೆಯುತ್ತಾನೆ, ಏಕೆಂದರೆ ಬೆಳಿಗ್ಗೆ ನಾನು ಕೂಗಾಡಿದ್ದನ್ನು ಅವನೂ ಕೇಳಿದ್ದ.

ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲ ಎತ್ತಿದ.

"ಸ್ಟೋರಿಗೆ ಯಾರೂ ಹೋಗಬೇಡಿ," ಎಂದೆ. "ಬಾಗಿಲನ್ನು ಹೊರಗಿನಿಂದಲೇ ತಳ್ಳಿ ತೆರೆದು, ಎಲ್ಲರೂ ರೋಡಿಗೆ ಹೋಗಿ. ಗಿರಾಕಿಗಳನ್ನೂ ಎಬ್ಬಿಸು. ಫೈರ್ ಬ್ರಿಗೇಡಿಗೆ ಫೋನ್ ಮಾಡು."

ಅಕ್ಕಿ ನೆನೆಹಾಕದಿದ್ದರೆ ನಾಳೆಗೆ ಏನು ಮಾಡುವುದು, ಯಾಕೆ ಅಂತ ಹೇಳಿ ಅಣ್ಣಾ ಎಂದು ಅವನು ಪಟ್ಟು ಹಿಡಿದ. ಅವನದೂ ತಪ್ಪಲ್ಲ. ಕಾರಣ ಹೇಳದೆ ಹೋಟೆಲ್ ಖಾಲಿ ಮಾಡಿಸುವುದು ಹೇಗೆ?

"ಅದು ಬೆಳ್ಳುಳ್ಳಿ ಅಲ್ಲ ಮಾರಾಯ," ಎಂದೆ. "ಅಕ್ಕಿಗೆ ಇಟ್ಟ ಗುಳಿಗೆಯ ವಿಷದ ಗಾಳಿ. ಗುಳಿಗೆ ತಂದುಕೊಟ್ಟದ್ದು ನಾನು. ಮಾಮುವನ್ನು ಅದರೊಳಗೆ ಎರಡು ಗಂಟೆ ಇಟ್ಟದ್ದೂ ನಾನೇ."

ಫೋನ್ ಇಟ್ಟು ತಿರುಗಿದರೆ ಮಾಮು ಮಗಳು ನಿಂತಿದ್ದಳು. ಹೆಗಲಲ್ಲಿ ಆಫೀಸಿನ ಬ್ಯಾಗ್, ಕೊರಳಲ್ಲಿ ಐಡಿ ಕಾರ್ಡ್ ಹಾಗೆಯೇ ಇತ್ತು. ಅವಳಿಗೆ ಕನ್ನಡ ಮಾತಾಡಲು ತಡವರಿಸುತ್ತದೆ, ಅರ್ಥ ಪೂರ್ತಿ ಆಗುತ್ತದೆ. ಹವಾಲ್ದಾರ ಆಗಲೇ ಅವಳನ್ನು ಕೇಳಿದ್ದನಂತೆ, ಅಪ್ಪ ಯಾಕೆ ವಿಷ ತೆಗೆದುಕೊಂಡರು ಎಂದು.

"ಅಂಕಲ್," ಎಂದಳು. "ಅಬ್ಬಾ ಖುದ್ ಸೇ... ಅವರೇ ತಿಂದಿಲ್ಲ, ಹೌದಾ?"

ತಿಂದಿಲ್ಲ ಎಂದೆ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಬೆಳ್ಳುಳ್ಳಿ ವಾಸನೆ, ಡಬ್ಬಿ, ಬೈದದ್ದು, ಬಾಗಿಲು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಒಂದು ಮಾತು ಹೇಳಿದಳು.

"ಡಬ್ಬಿಯಲ್ಲಿ ಬೆಳ್ಳುಳ್ಳಿ ಇಲ್ಲ ಅಂಕಲ್. ನಾನು ಹಾಕೋದೇ ಇಲ್ಲ. ಅಮ್ಮಿ ಇದ್ದಾಗ ಸೇ ಹಾಕಲ್ಲ. ಹೋಟೆಲ್ ಕಾ ರೂಲ್ ಹೈ ಅಂತ ಅಬ್ಬಾ ಹೇಳ್ತಾರೆ."

ನಾನು ಕ್ಯಾಶುವಾಲ್ಟಿಗೆ ಹೋಗಿ ಡಾಕ್ಟರಮ್ಮನಿಗೆ, ಆಮೇಲೆ ಹವಾಲ್ದಾರನಿಗೆ, ಎಲ್ಲವನ್ನೂ ಹೇಳಿ ಬರೆಸಿದೆ. ಡಾಕ್ಟರಮ್ಮ, ಇದನ್ನು ಒಂದು ಗಂಟೆ ಮೊದಲು ಹೇಳಬೇಕಿತ್ತು, ನುಂಗಿದ್ದರೆ ನಾವು ನೋಡಿಕೊಳ್ಳುವ ರೀತಿ ಬೇರೆ, ಗಾಳಿಯಲ್ಲಿ ಹೋಗಿದ್ದರೆ ಬೇರೆ ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಇದಕ್ಕೆ ಪ್ರತಿಮದ್ದು ಅಂತ ಯಾವುದೂ ಇಲ್ಲವಂತೆ. ಬಿಪಿ ಬೀಳದಂತೆ ಹಿಡಿದಿಡುವುದು, ಆಮ್ಲಜನಕ ಕೊಡುವುದು, ಹೃದಯದ ಲಯ ಕೆಟ್ಟರೆ ತಕ್ಷಣ ಸರಿಪಡಿಸುವುದು, ಕಾಯುವುದು.

ವಿಷ ಉಸಿರಿನಲ್ಲಿ ಹೋದರೆ ಶ್ವಾಸಕೋಶ ಕೆಡಬೇಕು, ಹೃದಯ ಯಾಕೆ ಕೆಡುತ್ತದೆ ಎಂದು ನಾನು ಮರುದಿನ ಕೇಳಿದೆ. ಶ್ವಾಸಕೋಶಕ್ಕೂ ತೊಂದರೆಯಾಗುತ್ತದೆ, ಆದರೆ ಈ ವಿಷ ರಕ್ತದಲ್ಲಿ ಸೇರಿ ಮೈಯ ಕಣಕಣಕ್ಕೂ ಹೋಗುತ್ತದೆ, ಆಮ್ಲಜನಕ ಬಂದರೂ ಅದನ್ನು ಬಳಸಿಕೊಳ್ಳಲು ಆಗದಂತೆ ಮಾಡುತ್ತದೆ ಎಂದರು. ಕೈಕಾಲು ಸ್ವಲ್ಪ ಹೊತ್ತು ಸುಮ್ಮನಿರಬಹುದು, ಹೃದಯ ಇರುವ ಹಾಗಿಲ್ಲ. ಅದು ಹುಟ್ಟಿದಂದಿನಿಂದ ಒಮ್ಮೆಯೂ ಕೂತಿಲ್ಲ. ಹಾಗಾಗಿ ಪೆಟ್ಟು ಅದಕ್ಕೇ ಹೆಚ್ಚು. ತಮ್ಮ ಕೋಣೆಯ ಪರದೆಯಲ್ಲಿ ಎಕೋ ಸ್ಕ್ಯಾನ್ ಹಾಕಿ ಅವರು ಮಗಳಿಗೆ ಮತ್ತು ನನಗೆ ಮಾಮು ಹೃದಯವನ್ನು ತೋರಿಸಿದರು. ಬಿಗಿಯಾಗಿ ಮುಷ್ಟಿ ಹಿಡಿದು ಬಿಡಬೇಕಾದದ್ದು, ನಿದ್ದೆಯಲ್ಲಿ ಕೈ ಆಡಿಸಿದಂತೆ ಸೋಮಾರಿಯಾಗಿ ಅಲುಗುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ಮುಂದಿನ ಐದು ದಿನ ನಾನು ಹೇಗಿದ್ದೆ ಎಂದು ಹೇಳಲು ಬರುವುದಿಲ್ಲ. ಹೋಟೆಲ್ ಮುಚ್ಚಿತ್ತು. ಫೈರ್ ಬ್ರಿಗೇಡಿನವರು ಬಂದು ಎಲ್ಲವನ್ನೂ ಹೊರಗೆ ಹಾಕಿಸಿ, ಗಾಳಿ ಆಡಿಸಿ ಹೋಗಿದ್ದರು. ಅಡುಗೆಯವನ ತಲೆನೋವು ಇಳಿದಿತ್ತು. ಧಣಿಗಳು ನನ್ನೊಂದಿಗೆ ಮಾತು ಬಿಟ್ಟಿದ್ದರು. ಬೆಳಿಗ್ಗೆ ಎದ್ದವನೇ ಆಸ್ಪತ್ರೆಗೆ ಓಡುತ್ತಿದ್ದೆ. ಅಲ್ಲಿ ಐಸಿಯು ಒಳಗೆ ಬಿಡುತ್ತಿರಲಿಲ್ಲ. ಗಾಜಿನ ಕಿಂಡಿಯಿಂದ ನೋಡಿದರೆ ಹಸಿರು ಗೆರೆಯೊಂದು ಏರಿ ಇಳಿಯುವುದು ಮಾತ್ರ ಕಾಣಿಸುತ್ತಿತ್ತು. ಎರಡನೆಯ ದಿನ ಆ ಗೆರೆ ಏಕಾಏಕಿ ಚೆಲ್ಲಾಪಿಲ್ಲಿಯಾಗಿ, ಯಂತ್ರ ಕೂಗಿಕೊಂಡು, ನಾಲ್ಕೈದು ಜನ ಓಡಿ ಬಂದು ಪರದೆ ಎಳೆದರು. ಮಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಯಾರ ತೋಳು ಹಿಡಿದಿದ್ದೇನೆ ಎಂದು ನೆನಪಾದ ಕೂಡಲೇ ಬಿಟ್ಟಳು. ಅರ್ಧ ಗಂಟೆಯ ಮೇಲೆ ಲಯ ಮರಳಿದೆ ಎಂದರು.

ಮಲಾಡಿಗೆ ಹಿಂತಿರುಗುವಾಗ ಲೋಕಲ್‌ನಲ್ಲಿ ನನ್ನ ಬೆರಳು ನನ್ನದೇ ಮಣಿಕಟ್ಟಿನ ಮೇಲೆ ಇರುತ್ತಿತ್ತು. ಎಣಿಸುತ್ತಿದ್ದೆ, ತಪ್ಪುತ್ತಿತ್ತು, ಮೊದಲಿನಿಂದ ಎಣಿಸುತ್ತಿದ್ದೆ. ಮೂರನೆಯ ದಿನ ಹೋಟೆಲಿನ ಹಿಂದಿನ ಮೆಟ್ಟಿಲಿಗೆ ಹೋದೆ. ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ, ಅವರು ಹೇಳಿದಲ್ಲೇ, ಹೇಳಿದ ಹಾಗೆಯೇ ಇತ್ತು. ತೆರೆದೆ. ರೊಟ್ಟಿಗೆ ಬೂಸ್ಟು ಬಂದಿತ್ತು. ಪಲ್ಯ ಹಳಸಿತ್ತು. ಮೂಗು ಹತ್ತಿರ ಹಿಡಿದು ಎಷ್ಟು ಹುಡುಕಿದರೂ ಬೆಳ್ಳುಳ್ಳಿ ಸಿಗಲಿಲ್ಲ. ಆ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಡಬ್ಬಿ ತೊಳೆದು ತಂದು ಮಗಳಿಗೆ ಕೊಟ್ಟೆ. ಅವಳು ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡಳು.

ಐದನೆಯ ದಿನ ಮಾಮು ಕಣ್ಣು ಬಿಟ್ಟು ಮಾತಾಡುವಷ್ಟಾದರು. ಅಪಾಯ ಹೆಚ್ಚುಕಡಿಮೆ ದಾಟಿದೆ ಎಂದರು ಡಾಕ್ಟರಮ್ಮ. ಮಗಳು ಒಳಗೆ ಹೋಗಿ ಬಂದು, ನಿಮ್ಮನ್ನು ಕೇಳುತ್ತಿದ್ದಾರೆ ಎಂದಳು. ಹೋದೆ. ಮೂಗಿನಲ್ಲಿ ನಳಿಗೆ, ಕೈಯಲ್ಲಿ ಸೂಜಿ. ನಾನು ತಲೆ ತಗ್ಗಿಸಿ ನಿಂತೆ.

"ಎಲ್ಲಿತ್ರಿ ಅಣ್ಣಾ ಅದು?" ಎಂದು ಅವರೇ ಕೇಳಿದರು.

ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಬೆಳ್ಳುಳ್ಳಿ ಕೊನೆಗೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. ಐದು ದಿನ ಆ ಹಾಸಿಗೆಯಲ್ಲಿ ಅವರಿಗೆ ಪ್ರಜ್ಞೆ ಬಂದಾಗಲೆಲ್ಲ ಕೋಣೆಯ ಯಾವ ಮೂಲೆ ನೋಡುವುದು ಬಿಟ್ಟುಹೋಯಿತು ಎಂದೇ ಯೋಚಿಸಿದ್ದರಂತೆ.

"ಬೆಳ್ಳುಳ್ಳಿ ಇರಲೇ ಇಲ್ಲ ಮಾಮು," ಎಂದೆ. "ನಾನು ಪೇಪರಿನಲ್ಲಿ ಸುತ್ತಿ ಕೊಟ್ಟೆನಲ್ಲ, ಆ ಗುಳಿಗೆಯ ವಾಸನೆ ಅದು. ತಪ್ಪು ನನ್ನದು. ನಿಮ್ಮನ್ನು ನಾನು ಕೊಲ್ಲುವುದರಲ್ಲಿದ್ದೆ."

ಅವರು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹಂಗಾದ್ರ ನಂದು ಡಬ್ಬಿ ಅಲ್ಲಂತ ಎಲ್ಲಾರಿಗೂ ಹೇಳ್ರಿ ಎಂದರು. ನಾನು ಹೇಳಿದೆ. ಹೋಟೆಲ್ ಮತ್ತೆ ತೆರೆದ ದಿನ, ಬೈದ ಜಾಗದಲ್ಲೇ ನಿಂತು, ಬೈಯುವಾಗ ಇದ್ದವರೆಲ್ಲರನ್ನೂ ಕರೆದು ಹೇಳಿದೆ. ಪೊಲೀಸರು ಅದನ್ನು ಆಕಸ್ಮಿಕ ಎಂದು ಬರೆದುಕೊಂಡರು. ಆ ಪದವನ್ನು ನಾನು ಬಳಸುವುದಿಲ್ಲ.

ಮೂರು ತಿಂಗಳಾದ ಮೇಲೆ ಅವರು ಕೆಲಸಕ್ಕೆ ಬಂದರು. ಹೃದಯ ಮೊದಲಿಗಿಂತ ಚೆನ್ನಾಗಿ ಕುಗ್ಗುತ್ತಿದೆ, ಆದರೆ ಹಿಂದಿನಷ್ಟು ಆಗಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಮೂಟೆ ಎತ್ತುವಂತಿಲ್ಲ. ಅಂಧೇರಿ ಸ್ಟೇಷನ್ನಿನ ಸೇತುವೆಯನ್ನು ಎರಡು ಕಡೆ ನಿಂತು ಹತ್ತುತ್ತಾರೆ. ವಿಕ್ರೋಳಿಯ ಗುಡ್ಡವನ್ನು ಇನ್ನೂ ಹೆಚ್ಚು ಸಲ ನಿಂತು ಹತ್ತುತ್ತಾರಂತೆ. ಸ್ಟೋರಿನ ಗವಾಕ್ಷಿಯ ಹಲಗೆ ಕಿತ್ತಿಸಿದೆ. ಬಾಗಿಲನ್ನೂ ತೆಗೆಸಿಹಾಕಿದೆ, ಈಗ ಅಲ್ಲಿ ಬರೀ ಚೌಕಟ್ಟು ಇದೆ. ಮಾಮು ಒಂದು ಕುರ್ಚಿ ಹಾಕಿಕೊಂಡು ಹೊರಗೆ ಕೂತು ಹೇಳುತ್ತಾರೆ, ಬೇರೆಯವರು ಎತ್ತಿಡುತ್ತಾರೆ.

ಅವರು ಬಂದ ಮೊದಲ ದಿನ ನಾನು ಗಲ್ಲೆಯಿಂದ ಎದ್ದು ಬಾಗಿಲ ತನಕ ಹೋದೆ. ಅವರು ಬೆವರು ಒರೆಸಿಕೊಂಡು, ಉಸಿರು ಒಂದು ಹದಕ್ಕೆ ಬರುವ ತನಕ ನಿಂತರು. ಆಮೇಲೆ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಹಿಡಿದರು.

"ಒಮ್ಮೆ ಮೂಸಿ ನೋಡ್ರಿ ಅಣ್ಣಾ," ಎಂದರು.

ಚುಚ್ಚಲು ಹೇಳಿದ್ದಲ್ಲ. ಇನ್ನೊಮ್ಮೆ ಯಾರೂ ತಮ್ಮ ಡಬ್ಬಿಯ ಮೇಲೆ ಅನುಮಾನಪಡಬಾರದು ಎಂಬುದಷ್ಟೇ ಇತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೇಡ ಮಾಮು, ಒಳಗೆ ಬನ್ನಿ, ನನ್ನ ಪಕ್ಕದಲ್ಲೇ ಕೂತು ತಿನ್ನಿ, ಬೆಳ್ಳುಳ್ಳಿ ಹಾಕಿಸಿಕೊಂಡೇ ಬನ್ನಿ, ಧಣಿಗಳಿಗೆ ನಾನು ಹೇಳುತ್ತೇನೆ ಎಂದೆಲ್ಲ ಹೇಳಿದೆ. ಅವರು ಕೈ ಹಿಂದೆ ತೆಗೆಯಲಿಲ್ಲ. ಮರುದಿನವೂ ಹಾಗೆಯೇ ಮಾಡಿದರು. ಅದರ ಮರುದಿನವೂ. ನಾನು ಬೇಡ ಎನ್ನುವಷ್ಟು ಹೊತ್ತು ಅವರು ಡಬ್ಬಿ ಹಿಡಿದು ನಿಂತಿರಬೇಕು, ನಿಂತರೆ ಅವರಿಗೆ ಆಯಾಸವಾಗುತ್ತದೆ. ಹಾಗಾಗಿ ಈಗ ನಾನು ಏನೂ ಹೇಳುವುದಿಲ್ಲ. ಬೆಳಿಗ್ಗೆ ಅವರು ಬಂದ ಕೂಡಲೇ ಎದ್ದು ಹೋಗಿ, ಬಗ್ಗಿ ಮೂಸುತ್ತೇನೆ, ಸರಿ ಇದೆ ಮಾಮು ಎನ್ನುತ್ತೇನೆ. ಅವರು ಮುಚ್ಚಳ ಹಾಕಿ, ಡಬ್ಬಿಯನ್ನು ಮೆಟ್ಟಿಲ ಕಿಟಕಿಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಾರೆ.